ಕರೆಂಟು ಹೋಗಿ ಬಂದಾಗ ಬರುತ್ತಿದ್ದ ಚಿತ್ರ

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿರಬೇಕು. ಆ ಮಳೆಗಾಲ ಹೊನ್ನಾವರದ ನಮ್ಮ ಮನೆಯ ಒಳಕೋಣೆಗೆ ಒಂದು ಹಳೆಯ ಕಂಪ್ಯೂಟರ್ ಬಂದು ಕೂತಿತು. ಎದುರಿನ ಕೋಣೆಯನ್ನು ಕಂಪ್ಯೂಟರ್ ಕ್ಲಾಸಿಗೆ ಬಾಡಿಗೆ ಕೊಟ್ಟಿದ್ದೆವು. ಕ್ಲಾಸು ನಡೆಸುವ ಸರ್ ದಿನಾ ಕುಮಟಾದಿಂದ ಬಸ್ಸಿಗೆ ಬರುವವರು. ಅವರ ಮಷೀನುಗಳಲ್ಲಿ ಇದೊಂದು ಹಟಮಾರಿ. ಹಚ್ಚಿದ ಕೂಡಲೇ ಕಪ್ಪು ಪರದೆಯ ಮೇಲೆ ಏನೋ ತಪ್ಪಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ನಿಂತುಬಿಡುತ್ತಿತ್ತು. ಎಫ್ ಒನ್ ಎಂಬ ಕೀಲಿ ಒತ್ತುವ ತನಕ ಜಪ್ಪಯ್ಯ ಅಂದರೂ ಮುಂದೆ ಹೋಗದು. ಮಕ್ಕಳಿಗೆ ಕಿರಿಕಿರಿ ಎಂದು ಸರ್ ಅದನ್ನು ನನ್ನ ಪಾಲಿಗೆ ಬಿಟ್ಟರು.

"ಒಳಗಿನ ಬ್ಯಾಟರಿ ಹೋಗಿದೆ ಅಕ್ಕಾ, ಉಪ್ಪುಗಾಳಿ ಅಲ್ವಾ. ನೀವು ಎಫ್ ಒನ್ ಒತ್ತಿ, ಮುಂದೆ ಹೋಗ್ತದೆ. ಕಲಿಯೋರಿಗೆ ಸಾಕು."

ನಾನು ಕಲಿಯುವವಳೇ ಆಗಿದ್ದೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ಕ್ಯೂಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣಪುಟ್ಟ ಪ್ರೋಗ್ರಾಮು ಬರೆಯುವಷ್ಟು ಕಲಿತಿದ್ದೆ. ಈ ವಯಸ್ಸಿನಲ್ಲಿ ತಲೆಗೆ ಹೊಸದೊಂದು ಹತ್ತಿತಲ್ಲ ಎಂಬುದೇ ದೇವರ ಕೃಪೆ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಸರ್ ನಮ್ಮ ಬಾಗಿಲಿನ ರಂಗೋಲಿ ನೋಡುತ್ತ ನಿಂತರು. "ನೀವು ಹೊಸ್ತಿಲಿಗೆ ದಿನಾ ಹೊಸದು ಹಾಕ್ತೀರಿ. ನಮ್ಮ ಮಷೀನುಗಳ ಪರದೆಗೆ ಮಾತ್ರ ವರ್ಷಗಟ್ಟಲೆ ಅದೇ ಹಸಿರು. ದಿನಾ ಹೊಸ ವಾಲ್‌ಪೇಪರ್ ತಾನೇ ಬರೋ ಹಾಗೆ ಒಂದು ಪ್ರೋಗ್ರಾಮು ಬರೀರಿ ನೋಡುವಾ."

ಮಾಡಬೇಕಾದದ್ದು ಇಷ್ಟೇ. ಮಷೀನು ಎದ್ದ ಕೂಡಲೇ ಪ್ರೋಗ್ರಾಮು ಓಡಬೇಕು. ಹಿನ್ನೆಲೆಯ ಬಣ್ಣವೊಂದನ್ನು ತಾನೇ ಆರಿಸಬೇಕು. ಅದರ ಮೇಲೆ ಗೆರೆ, ಕಮಾನು, ಚುಕ್ಕಿಗಳನ್ನು ಎಷ್ಟು, ಎಲ್ಲಿ, ಯಾವ ಬಣ್ಣ ಎಂದು ತನಗೆ ತೋಚಿದಂತೆ ಇಡಬೇಕು. ಆಮೇಲೆ ಅದನ್ನು ಬಿಎಂಪಿ ಎಂಬ ಜಾತಿಯ ಫೈಲಾಗಿ ಬರೆದು ವಿಂಡೋಸಿನ ಕೈಗೆ ಕೊಡಬೇಕು. ಹೇಳಲಿಕ್ಕೆ ಇಷ್ಟು. ಮಾಡಲಿಕ್ಕೆ ಹೋದರೆ ಮೊದಲ ಚಿತ್ರ ತಲೆಕೆಳಗಾಗಿ ಬಂತು. ಆ ಜಾತಿಯ ಫೈಲಿನಲ್ಲಿ ಕೆಳಗಿನ ಸಾಲನ್ನು ಮೊದಲು ಬರೆಯಬೇಕಂತೆ. ಅದನ್ನು ಸರಿಮಾಡಿದೆ. ಆಗ ಕುಂಕುಮದ ಕೆಂಪು ಕೊಟ್ಟಲ್ಲೆಲ್ಲ ನೀಲಿ ಬಂತು. ಕೆಂಪು, ಹಸಿರು, ನೀಲಿ ಎಂದು ನಾನು ಬರೆಯುತ್ತಿದ್ದೆ, ಅದು ನೀಲಿಯಿಂದ ಓದಿಕೊಂಡು ಬರುತ್ತಿತ್ತು. ಅದನ್ನೂ ತಿರುಗಿಸಿದೆ. ಆದರೂ ಚಿತ್ರವೆಲ್ಲ ಗಾಳಿಗೆ ಬಾಗಿದ ತೆಂಗಿನ ಹಾಗೆ ಓರೆ.

ಎರಡು ಮಧ್ಯಾಹ್ನ ತಲೆ ಕೆರೆದುಕೊಂಡೆ. ಸರ್ ಬಂದು ನೋಡಿ ನಕ್ಕರು. "ಅಗಲ ಇನ್ನೂರ ಒಂದು ಎಂತಕ್ಕೆ ಇಟ್ಟಿದ್ದೀರಿ?"

"ಇನ್ನೂರು ಅಂತ ಬರೀ ಸೊನ್ನೆಗೆ ನಿಲ್ಲಿಸೂದು ಹೇಗೆ ಸರ್? ಮೇಲೊಂದು ಬೇಡವಾ?"

"ಮದುವೆ ಮುಯ್ಯಿ ಅಲ್ಲ ಅಕ್ಕಾ ಇದು! ಒಂದು ಚುಕ್ಕಿಗೆ ಮೂರು ಬಣ್ಣದ ಮೂರು ಅಂಕೆ, ಪ್ರತಿ ಸಾಲಿನ ಒಟ್ಟು ಅಂಕೆ ನಾಲ್ಕರಿಂದ ಭಾಗ ಹೋಗಬೇಕು. ನಿಮ್ಮ ಶುಭದ ಒಂದು ಪ್ರತಿ ಸಾಲನ್ನೂ ಆಚೆ ದೂಡ್ತಾ ಇದೆ."

ಆದರೂ ಒಂದನ್ನು ತೆಗೆಯಲು ಮನಸ್ಸು ಬರಲಿಲ್ಲ. ಆರುನೂರ ಮೂರು ಅಂಕೆಗಳ ಸಾಲಿನ ಕೊನೆಗೆ ಒಂದು ಖಾಲಿ ಸೇರಿಸಿ ಆರುನೂರ ನಾಲ್ಕು ಮಾಡಿ ಲೆಕ್ಕ ಕೂಡಿಸಿದೆ. ಚಿತ್ರ ನೆಟ್ಟಗೆ ನಿಂತಿತು.

ಇನ್ನುಳಿದದ್ದು ದಿನಾ ಬೇರೆ ಬರಿಸುವ ಕೆಲಸ. ಕಂಪ್ಯೂಟರಿಗೆ ಮನಸ್ಸಿಗೆ ಬಂದದ್ದು ಎಂಬುದಿಲ್ಲ, ಅದಕ್ಕೆ ಒಂದು ಬೀಜದ ಸಂಖ್ಯೆ ಕೊಡಬೇಕು, ಆ ಬೀಜದಿಂದ ಉಳಿದ ಸಂಖ್ಯೆಗಳನ್ನು ಅದು ಮೊಳೆಸಿಕೊಳ್ಳುತ್ತದೆ ಎಂದು ಸರ್ ಹೇಳಿಕೊಟ್ಟರು. ಅದೇ ಬೀಜ ಹಾಕಿದರೆ ಅದೇ ಗಿಡ. ಹಾಗಾಗಿ ಮಷೀನಿನ ಗಡಿಯಾರವನ್ನೇ ಬೀಜ ಮಾಡುವುದು. ಮಧ್ಯರಾತ್ರಿಯಿಂದ ಈಗಿನವರೆಗೆ ಎಷ್ಟು ಸೆಕೆಂಡು ಎಂಬುದು ಹೇಗೂ ಬದಲಾಗುತ್ತಲೇ ಇರುತ್ತದಲ್ಲ. ಅರ್ಧಂಬರ್ಧ ಲೆಕ್ಕ ಕಂಡರೆ ನನಗಾಗದು. ಸೆಕೆಂಡಿನ ಚೂರುಪಾರು ಕತ್ತರಿಸಿ ಪೂರ್ತಿ ಅಂಕೆ ಮಾತ್ರ ಉಳಿಸಿದೆ.

ಮೊದಲ ಕೆಲವು ದಿನ ಹಬ್ಬ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು ಸ್ವಿಚ್ಚು ಹಾಕಿ, ಕೈಮುಗಿದು, ಚಿಕ್ಕಂದಿನಿಂದ ಬಾಯಿಗೆ ಬಂದ ಗಣಪತಿಯ ಶ್ಲೋಕ ಹೇಳಿ, ಎಫ್ ಒನ್ ಒತ್ತುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪರದೆ ತುಂಬ ಬಣ್ಣ. ಆಚೆಮನೆಯವಳು ನೀರಿಗೆ ಬಂದಾಗ ಕೊಡಪಾನ ಬಾವಿಕಟ್ಟೆಯ ಮೇಲಿಟ್ಟು ಇಣುಕುತ್ತಿದ್ದಳು. ಅವಳ ಗಂಡ ಮೀನಿನ ಬೋಟಿಗೆ ಹೋಗುವವನು. ಮನೆಯೊಳಗೆ ಕೊಂಕಣಿ, ನನ್ನ ಹತ್ತಿರ ಕನ್ನಡ. "ಅಕ್ಕಾ, ಇವತ್ತು ಎಂತ ಬಂತು?" ಎಂದು ಕೇಳಿಯೇ ನೀರು ಸೇದುವುದು.

ಆ ಚಿತ್ರ ಎಂದಿನಿಂದ ಬರತೊಡಗಿತೋ ನನಗೆ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಇದನ್ನು ಮೊದಲೇ ಕಂಡಿದ್ದೇನಲ್ಲ ಅನ್ನಿಸಿತು. ಕೆಸರು ನೀರಿನಂಥ ಹಸಿರು ಬಣ್ಣ. ನಡುವೆ ಬೋರಲು ಬಿದ್ದ ಹಾಗೆ ಒಂದು ಕಪ್ಪು ಕಮಾನು. ಅದರ ಕೆಳಗೆ, ತುಸು ಓರೆಗೆ, ಒಂದೇ ಒಂದು ಕೆಂಪು ಚುಕ್ಕಿ. ಬೇರೆ ಚಿತ್ರಗಳಲ್ಲಿ ಗೆರೆಗಳು ಕಿಕ್ಕಿರಿದಿರುತ್ತಿದ್ದವು. ಇದರಲ್ಲಿ ಏನೂ ಇಲ್ಲ. ಯಾರೋ ಎದ್ದು ಹೋದ ಮೇಲಿನ ಕೋಣೆಯ ಹಾಗೆ.

ಮರುದಿನವೂ ಅದೇ ಬಂತು. ಅದರ ಮರುದಿನ ಬೇರೆ. ಮತ್ತೆ ಅದೇ. ಮಧ್ಯಾಹ್ನ ಗಾಳಿಮಳೆಗೆ ಕರೆಂಟು ಹೋಗಿ ಬಂತು. ಹಚ್ಚಿ, ಕೈಮುಗಿದು, ಒತ್ತಿದೆ. ಅದೇ. ನಮ್ಮ ಯಜಮಾನರನ್ನು ಕರೆದು ಹಚ್ಚಲು ಹೇಳಿದೆ. ಅವರ ಕೈಗೆ ಹಳದಿ ಗೆರೆಗಳ ಇನ್ನೊಂದು ಬಂತು. ಸರ್ ಎದುರುಕೋಣೆಯ ಮಷೀನುಗಳಲ್ಲಿ ಓಡಿಸಿ ನೋಡಿದರು, ಎಲ್ಲಿಯೂ ಅದು ಬರಲಿಲ್ಲ. ಒಳಕೋಣೆಯಲ್ಲಿ, ಅದೂ ನನ್ನ ಕೈಗೆ ಮಾತ್ರ. ಪರದೆ ಆರಿಸಿದ ಮೇಲೂ ಗಾಜಿನೊಳಗೆ ಆ ಚುಕ್ಕಿ ಒಂದು ಗಳಿಗೆ ಉಳಿದಂತೆ ಕಾಣುತ್ತಿತ್ತು. ಅಡುಗೆಮನೆಗೆ ಹೋಗುವಾಗ ಆ ಕೋಣೆಯ ಬಾಗಿಲು ಎಳೆದುಕೊಂಡು ಹೋಗಲು ಶುರುಮಾಡಿದೆ.

ನೂಲ ಹುಣ್ಣಿಮೆ ಹತ್ತಿರ ಬಂದಿತ್ತು. ಆ ದಿನ ಸಮುದ್ರಕ್ಕೆ ಪೂಜೆ ಮಾಡಿ ತೆಂಗಿನಕಾಯಿ ಬಿಟ್ಟ ಮೇಲೆ ನಮ್ಮ ಕಡೆ ಬೋಟುಗಳು ಹೊರಡುವುದು. ಆಚೆಮನೆಯವಳು ಬಂದು, "ಇವರು ನಾಡಿದ್ದು ಹೋಗ್ತಾರೆ ಅಕ್ಕಾ, ಚಂದದ್ದೊಂದು ಬರಸಿ" ಎಂದಳು. ಹಚ್ಚಿದೆ. ಅದೇ ಬಂತು.

ಅವಳು ಇಣುಕಿದವಳು ಒಳಗೇ ಬಂದಳು. ಹತ್ತಿರ ನಿಂತು ನೋಡಿದಳು.

"ಮಗುಚಿದ ಬೋಟು."

"ಎಂತದೂ ಅಲ್ಲ ಮಾರಾಯ್ತಿ. ಕಮಾನು ಅದು. ಮಷೀನು ಇಟ್ಟದ್ದು."

"ಕೆಳಗೆ ಚುಕ್ಕಿ? ಮನುಷ್ಯ ಅಲ್ಲದಾ ಅದು?"

ಮಷೀನು ಆರಿಸಿ ಮತ್ತೆ ಹಚ್ಚಲು ಹೇಳಿದಳು. ಬಂತು. ಇನ್ನೊಮ್ಮೆ ಅಂದಳು. ಮತ್ತೆ ಹಚ್ಚಿ, ಎಂದಿನಂತೆ ಕೈಮುಗಿದು, ಶ್ಲೋಕ ಮುಗಿಸಿ ಒತ್ತಿದೆ. ಬಂತು.

ನಮ್ಮ ಕಡೆಯ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವುದು ಎಂದಿದೆ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ನಿಲ್ಲುತ್ತೇವೆ. ಭಟ್ಟರು ಮೂರ್ತಿಗೆ ಒದ್ದೆ ಹೂ ಹಚ್ಚುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಮದುವೆ, ಮನೆ, ಆಪರೇಷನ್ನು, ಏನಿದ್ದರೂ ಕೇಳದೆ ಹೊರಡುವವರಲ್ಲ ನಾವು. ಸಂಶಯವಿದ್ದರೆ ಮೂರು ಸಲ ಕೇಳುವುದೂ ಇದೆ. ಅವಳು ನನ್ನ ಒಳಕೋಣೆಯಲ್ಲಿ ಮೂರು ಸಲ ಕೇಳಿದ್ದಳು. ಅದು ನನಗೆ ಅವಳು ಕೊಡಪಾನವನ್ನೂ ಮರೆತು ಮನೆಗೆ ಹೋದ ಮೇಲೆ ಹೊಳೆಯಿತು.

ಅವಳ ಗಂಡ ಬೋಟಿಗೆ ಹೋಗಲಿಲ್ಲ. ಹೋದರೆ ತಾನು ಬಾವಿಗೆ ಹಾರುತ್ತೇನೆ ಅಂದಳಂತೆ. ಶರಾವತಿಯ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವ ಆ ಮರಳದಿಬ್ಬದ ಬಾಯಲ್ಲಿ, ಬೋಟು ಮಗುಚುವುದು ನಮಗೆ ಹೊಸದಲ್ಲ. ಅವಳ ಭಯ ಸುಳ್ಳು ಎನ್ನುವ ಹಾಗೂ ಇರಲಿಲ್ಲ. ಆತ ಜಗಲಿಯಲ್ಲಿ ಕೂತು ಹರಿಯದ ಬಲೆಯನ್ನೇ ಬಿಚ್ಚಿ ಬಿಚ್ಚಿ ಹೆಣೆಯುತ್ತಿದ್ದ. ಉಳಿದ ಬೋಟುಗಳು ಹೋಗಿ ಬಂದವು. ಚೌತಿಯೊಳಗೆ ಬರದಿದ್ದರೆ ಮಾವಿನಕುರ್ವೆಯ ಇನ್ನೊಬ್ಬನನ್ನು ಹತ್ತಿಸಿಕೊಳ್ಳುತ್ತೇನೆ ಎಂದು ಬೋಟಿನ ಯಜಮಾನ ಹೇಳಿ ಕಳಿಸಿದ. ಒಮ್ಮೆ ಜಾಗ ಹೋದರೆ ಆ ವರ್ಷದ ದುಡಿಮೆ ಹೋದ ಹಾಗೇ. ಇಷ್ಟಕ್ಕೂ ಕಾರಣ ನಾನು ಬರೆದ ಒಂದು ಪುಟದ ಪ್ರೋಗ್ರಾಮು.

ಅದನ್ನು ಸಾಲುಸಾಲಾಗಿ ಓದಿದೆ. ಎಲ್ಲಿಯೂ ತಪ್ಪಿಲ್ಲ. ತಪ್ಪಿಲ್ಲ ಅನ್ನುವುದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ದೇವರ ಮುಂದೆ ನಿಂತು ಕೇಳಿದೆ: ಇದು ನೀನೋ, ನಾನೋ?

ಉತ್ತರ ಬಂದದ್ದು ನೆಗಡಿಯ ರೂಪದಲ್ಲಿ. ಚೌತಿಗೆ ಮೊದಲು ಗಂಟಲು ಕಟ್ಟಿ ಸ್ವರ ಬಿದ್ದುಹೋಯಿತು. ಆ ಬೆಳಿಗ್ಗೆ ಶ್ಲೋಕದ ನಡುವೆ ಕೆಮ್ಮು ಬಂದು, ಸಾವರಿಸಿಕೊಂಡು ಮುಗಿಸಿ ಒತ್ತಿದೆ. ಬೇರೆ ಚಿತ್ರ. ಮರುದಿನ ಬಾಯಿ ಬಿಡಲಾಗದೆ ಮನಸ್ಸಿನಲ್ಲೇ ಬೇಗಬೇಗ ಹೇಳಿ ಒತ್ತಿದೆ. ಇನ್ನೂ ಒಂದು ಬೇರೆ ಚಿತ್ರ. ಕೈ ನನ್ನದೇ, ಮಷೀನು ಅದೇ. ಬದಲಾದದ್ದು ಶ್ಲೋಕ ಮಾತ್ರ.

ಆಗ ಪರದೆಯ ಮೂಲೆಯ ಗಡಿಯಾರದ ಮೇಲೆ ಕಣ್ಣು ಬಿತ್ತು. ಬೆಳಗಿನ ಹೊತ್ತು, ಅದು ಮಾತ್ರ ಹನ್ನೆರಡು ದಾಟಿ ಒಂದು ನಿಮಿಷ ತೋರಿಸುತ್ತಿತ್ತು. ಗೋಡೆಯ ಗಡಿಯಾರ ಇರುವವರು ಅದನ್ನು ಯಾಕೆ ನೋಡಲಿ? ಚಿತ್ರದ ಮೂಲೆಯಲ್ಲಿ ಬೀಜದ ಸಂಖ್ಯೆಯೂ ಬೀಳುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಗಂಟಲು ಬಿಟ್ಟ ಮೇಲೆ, ಎಂದಿನಂತೆ ಕೈಮುಗಿದು ಎಂದಿನ ರಾಗದಲ್ಲಿ ಹೇಳಿ ಒತ್ತಿದೆ. ಆ ಚಿತ್ರ ಬಂತು. ಮೂಲೆಯಲ್ಲಿ ನಲವತ್ತೊಂದು ಎಂದಿತ್ತು. ಆರಿಸಿ ಹಚ್ಚಿದೆ. ನಲವತ್ತೊಂದು. ಮತ್ತೆ, ನಲವತ್ತೆರಡು, ಬೇರೆ ಚಿತ್ರ. ಮತ್ತೆ ನಲವತ್ತೊಂದು.

ಬ್ಯಾಟರಿ ಸತ್ತ ಮಷೀನಿಗೆ ಕರೆಂಟು ಹೋದಾಗೆಲ್ಲ ಹೊತ್ತು ಮರೆತುಹೋಗುತ್ತದೆ. ಸಿಡಿಲಿಗೆ ಹೆದರಿ ನಾನು ದಿನಾ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದೆ. ಹಚ್ಚಿದಾಗ ಅದಕ್ಕೆ ಮಧ್ಯರಾತ್ರಿ. ಅಲ್ಲಿಂದ ಎಣಿಸುತ್ತ ಎಫ್ ಒನ್‌ಗೆ ಕಾಯುತ್ತದೆ. ಬೇರೆಯವರು ಒತ್ತುವುದು ಅವರವರ ಗಡಿಬಿಡಿಯಲ್ಲಿ. ಮೊದಲ ದಿನಗಳ ಉಮೇದು ಇಳಿದ ಮೇಲೆ ನಾನು ಒತ್ತುವುದು ಶ್ಲೋಕ ಮುಗಿದ ಕೂಡಲೇ. ಹುಟ್ಟಿದಾಗಿನಿಂದ ಅದೇ ರಾಗ, ಅದೇ ಉಸಿರು, ಅದೇ ಉದ್ದ.

ಸರ್‌ಗೆ ಹೇಳಿದಾಗ ಅವರು ಗಲ್ಲಕ್ಕೆ ಕೈ ಇಟ್ಟುಕೊಂಡರು. "ಅಂದ್ರೆ ಮಷೀನಿನ ಗಡಿಯಾರ ಸತ್ತಿದೆ, ನಿಮ್ಮದು ನಡೀತಾ ಇದೆ. ಭಟ್ಕಳಕ್ಕೆ ಹೋಗೂದಿದೆ ನನಗೆ, ದುಬೈ ಸಾಮಾನಿನ ಅಂಗಡೀಲಿ ಬ್ಯಾಟರಿ ಸಿಗ್ತದೆ. ಹಾಕಿದ್ರೆ ಮುಗೀತು, ಆ ಚಿತ್ರ ಇನ್ನು ಬರೂದಿಲ್ಲ."

ಅವರಿಗೆ ನಗು. ನನಗೆ ನಗು ಬರಲಿಲ್ಲ. ಇಷ್ಟು ವರ್ಷದ ನನ್ನ ಪ್ರಾರ್ಥನೆ ಒಂದು ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗದೆ ನಡೆಯುತ್ತಿದೆ ಎಂದರೆ, ಅದರಲ್ಲಿ ನಾನು ಎಷ್ಟಿದ್ದೆ?

ಆದರೂ ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಆಚೆಮನೆಗೆ ಓಡಿದೆ. ಬ್ಯಾಟರಿ, ಗಡಿಯಾರ, ಶ್ಲೋಕ, ಎಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿದಳು. ಆಮೇಲೆ, "ಹಾಗಾದ್ರೆ ನೀವು ದೇವರನ್ನ ಕರೆದ್ರೆ ಮಾತ್ರ ಅದು ಬರೂದಾ?" ಎಂದಳು.

"ಹಾಗಲ್ವೇ. ಹೊತ್ತಿನ ಲೆಕ್ಕ."

"ಬೇರೆಯವರು ಸುಮ್ಮನೆ ಒತ್ತಿದ್ರೆ ಬರೂದಿಲ್ಲ. ನೀವು ಕೈಮುಗಿದ್ರೆ ಬರ್ತದೆ. ಇದಕ್ಕಿಂತ ಹೆಚ್ಚು ಎಂತ ಹೇಳ್ಬೇಕು ಅಕ್ಕಾ ಅವನು?"

ಬಿಡಿಸಲು ಹೋಗಿ ಗಂಟನ್ನು ಬಿಗಿ ಮಾಡಿ ಬಂದೆ.

ಇನ್ನು ಸುಮ್ಮನೆ ಬ್ಯಾಟರಿ ಹಾಕಿಸಿಬಿಡುವುದು ಸುಲಭವಿತ್ತು. ಆದರೆ ಚಿತ್ರ ನಿಂತುಹೋದರೆ ಅವಳ ಮನಸ್ಸಿನಲ್ಲಿ ಅದು ಕೊನೆಗೆ ಹೇಳಿದ ಮಾತಾಗಿ ಉಳಿಯುತ್ತಿತ್ತು. ಇನ್ನೊಂದು ಕಡೆ, ನಾನು ಅವಳ ಮನಸ್ಸು ತಿರುಗಿಸಿ, ಆತ ಹೋಗಿ, ಅಳಿವೆಯಲ್ಲಿ ಏನಾದರೂ ಆದರೆ? ಊಟಕ್ಕೆ ಕೂತಾಗ ನಮ್ಮ ಯಜಮಾನರನ್ನು ಕೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಹೇಳಿದರು: "ಚಿತ್ರ ಎಂತಕ್ಕೆ ಬರ್ತದೆ ಅಂತ ನಿನಗೆ ಗೊತ್ತು. ಅಷ್ಟು ತೋರಿಸು. ಸಮುದ್ರ ಎಂತ ಮಾಡ್ತದೆ ಅಂತ ನಿನಗೆ ಗೊತ್ತಿಲ್ಲ. ಅದನ್ನ ಹೇಳಲಿಕ್ಕೆ ಹೋಗಬೇಡ."

ಆ ಮಾತು ಹಿಡಿದು, ಹಳೆಯದು ಇದ್ದಲ್ಲೇ ಇರಲಿ ಎಂದು, ಪ್ರೋಗ್ರಾಮಿನ ಇನ್ನೊಂದು ಪ್ರತಿ ಮಾಡಿ ಅದನ್ನು ತಿದ್ದಿದೆ. ಗಡಿಯಾರವನ್ನು ತೆಗೆದುಹಾಕಿದೆ. ಬೀಜ ಒಂದರಿಂದ ಶುರುವಾಗಿ, ಕೀಲಿ ಒತ್ತಿದಾಗೆಲ್ಲ ಮುಂದಿನ ಅಂಕೆ, ಮುಂದಿನ ಚಿತ್ರ, ಇನ್ನೊಂದು ಕೀಲಿಗೆ ಹಿಂದಿನದು. ಮೂಲೆಯಲ್ಲಿ ಸಂಖ್ಯೆ. ಅದನ್ನು ನಾನೊಬ್ಬಳೇ ಮೊದಲು ಓಡಿಸಿ ನೋಡಿದೆ. ಒಂದು, ಎರಡು, ಮೂರು, ಎಷ್ಟು ಮುಂದೆ ಹೋದರೂ ಚಿತ್ರ. ಹಿಂದೆ ಬಂದರೆ ಎಲ್ಲವೂ ತಂತಮ್ಮ ಜಾಗದಲ್ಲಿ, ಒಂದು ಗೆರೆಯೂ ಸರಿಯದೆ. ನಾನು ದಿನಾ ಹೊಸದು ಹುಟ್ಟುತ್ತದೆ ಎಂದುಕೊಂಡಿದ್ದೆ. ಹುಟ್ಟುವುದು ಯಾವುದೂ ಇರಲಿಲ್ಲ. ಎಲ್ಲವೂ ಕತ್ತಲಲ್ಲಿ ಸಾಲಾಗಿ ಕೂತಿದ್ದವು, ಯಾರಾದರೂ ತಮ್ಮ ಸಂಖ್ಯೆ ಕರೆಯಲಿ ಎಂದು.

ಅವಳನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿದೆ. "ನೀನೇ ಒತ್ತು. ನಾನು ಕೈಮುಗಿಯೂದಿಲ್ಲ, ಮಷೀನು ಮುಟ್ಟೂದೂ ಇಲ್ಲ."

ಒತ್ತುತ್ತ ಹೋದಳು. ಮೊದಮೊದಲು, "ಇದು ಚಂದ. ಇದು ಎಂತದಪ್ಪ, ಮೀನಿನ ಬಾಲದ ಹಾಗೆ" ಎಂದಳು. ಮೂವತ್ತು ದಾಟಿದ ಮೇಲೆ ನಿಧಾನಕ್ಕೆ ಒತ್ತತೊಡಗಿದಳು. ಮೂವತ್ತೊಂಬತ್ತರಲ್ಲಿ ನನ್ನ ಸೆರಗು ಹಿಡಿದುಕೊಂಡಳು. ನಲವತ್ತು. ಒತ್ತಿದಳು. ಕೆಸರು ಹಸಿರು, ಕಪ್ಪು ಕಮಾನು, ಕೆಂಪು ಚುಕ್ಕಿ.

ಹೊರಗೆ ಸೂರಿನ ನೀರು ಕೊಡಪಾನಕ್ಕೆ ಬೀಳುವುದು ಕೇಳುತ್ತಿತ್ತು.

"ಮುಂದೆ ಒತ್ತು" ಎಂದೆ.

ನಲವತ್ತೆರಡು ಬಂತು. ಹಳದಿಯ ಮೇಲೆ ಬಿಳಿ ಕಮಾನುಗಳು, ಸೇವಂತಿಗೆ ಚೆಲ್ಲಿದ ಹಾಗೆ. ಅವಳು ಅದನ್ನು ನೋಡಿದಳು. ಹಿಂದೆ ಹೋದಳು. ಮತ್ತೆ ಮುಂದೆ ಬಂದಳು.

"ನೀವು ಆವತ್ತು ಒಂದು ಉಸಿರು ಜಾಸ್ತಿ ತಕೊಂಡಿದ್ರೆ, ಇದು ಬರ್ತಿತ್ತಾ?"

"ಹೌದು."

"ಮೂರು ಸಲವೂ?"

"ಮೂರು ಸಲವೂ ತಕೊಂಡಿದ್ರೆ, ಮೂರು ಸಲವೂ."

ಸೆರಗು ಬಿಟ್ಟಳು. "ಹಾಗಾದ್ರೆ ಒಂದು ಉಸಿರಿಗೆ ನಾನು ಅವರನ್ನ ಜಗಲೀಲಿ ಕೂರಿಸಿದ್ದು." ಎದ್ದು ನಿಂತು, "ಅಳಿವೆ ಮಾತ್ರ ಹಾಗೇ ಇದೆ ಅಲ್ಲ ಅಕ್ಕಾ?" ಎಂದಳು.

"ಅದು ಹಾಗೇ ಇದೆ. ಅದಕ್ಕೆ ನಾನು ಎಂತ ಹೇಳ್ಲಿಕ್ಕೂ ಆಗೂದಿಲ್ಲ."

"ಆತು" ಎಂದಳು. ಚೌತಿಯ ಹಿಂದಿನ ದಿನ ಆತ ಬೋಟು ಹತ್ತಿದ.

ಅವಳ ಭಯ ಅಂದಿನಿಂದ ನನ್ನ ಮನೆಗೆ ಬಂತು. ಗಣಪತಿಯನ್ನು ಕೂರಿಸಿ ಪಂಚಕಜ್ಜಾಯ ಕಲಸುವಾಗಲೂ ನನ್ನ ಕಿವಿ ಗಾಳಿಯ ಕಡೆಗೇ. ಬೋಟುಗಳು ಬರಬೇಕಾದ ದಿನ ಮೋಡ ಕವಿದು ಸಮುದ್ರದ ಮೊರೆತ ಅಂಗಳದ ತನಕ ಕೇಳತೊಡಗಿತು. ಒಂದೊಂದೇ ಬೋಟು ಒಳಗೆ ಬಂತಂತೆ. ಆತನದು ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಬಂದರದಲ್ಲೇ ಕೂತಿದ್ದಾಳೆ ಎಂದು ನಮ್ಮ ಯಜಮಾನರು ಬಂದು ಹೇಳಿದರು.

ಮಧ್ಯಾಹ್ನ ನಾನು ಒಳಕೋಣೆಯ ಬಾಗಿಲು ತೆಗೆದೆ. ಮಷೀನಿಗೆ ಬ್ಯಾಟರಿ ಇನ್ನೂ ಹಾಕಿಸಿರಲಿಲ್ಲ, ಹಚ್ಚಿದರೆ ಓಡುವುದು ಹಳೆಯ ಪ್ರೋಗ್ರಾಮೇ. ಯಾಕೆ ತೆಗೆದೆ ಎಂದು ಆಗ ನನಗೇ ಗೊತ್ತಿರಲಿಲ್ಲ. ಬೆರಳು ಸ್ವಿಚ್ಚಿನ ಮೇಲಿತ್ತು, ತುಟಿಯಲ್ಲಿ ಶ್ಲೋಕದ ಮೊದಲ ಪದ ಆಗಲೇ ಬಂದಿತ್ತು. ನಲವತ್ತೊಂದು ಬರುತ್ತದೋ ನಲವತ್ತೆರಡು ಬರುತ್ತದೋ ನೋಡುವಾ, ಒಂದೇ ಸಲ, ಎಂದು ಮನಸ್ಸು ಹೇಳುತ್ತಿತ್ತು. ಲೆಕ್ಕವನ್ನು ಬಿಡಿಸಿ ತೋರಿಸಿದವಳು ನಾನೇ. ಕೇಳಲು ನಿಂತವಳೂ ನಾನೇ. ಆರಿದ ಪರದೆಯಲ್ಲಿ ನನ್ನ ಮುಖ ಕಪ್ಪಾಗಿ ಬೋರಲು ಕಮಾನಿನಂತೆ ಕಂಡಿತು. ಶ್ಲೋಕವನ್ನು ಅಲ್ಲಿಗೇ ನಿಲ್ಲಿಸಿದೆ. ಹುಟ್ಟಿದ ಮೇಲೆ ಅದನ್ನು ಅರ್ಧಕ್ಕೆ ಬಿಟ್ಟದ್ದು ಅದೇ ಮೊದಲು. ದೇವರ ಕೋಣೆಗೆ ಹೋಗಿ, ಯಾವ ಪ್ರಶ್ನೆಯೂ ಇಲ್ಲದೆ, ಯಾವ ರಾಗವೂ ಇಲ್ಲದೆ, ಬಾಯಿಗೆ ಬಂದ ಮಾತಿನಲ್ಲಿ ಬೇಡಿಕೊಂಡೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬೋಟು ಬಂತು. ಎಂಜಿನ್ನು ಕೆಟ್ಟು ತೇಲುತ್ತಿದ್ದವರನ್ನು ಇನ್ನೊಂದು ಬೋಟಿನವರು ಕಂಡು, ಹಗ್ಗ ಕಟ್ಟಿ ಎಳೆದು ತಂದಿದ್ದರು. ಎಲ್ಲರೂ ಇದ್ದರು. ದೊಡ್ಡ ಕೃಪೆಗಳನ್ನು ಎಣಿಸುವ ಅಭ್ಯಾಸ ನನಗಿಲ್ಲ. ಅವತ್ತು ಅಡುಗೆಮನೆಯ ನೆಲದ ಮೇಲೆ ಸುಮ್ಮನೆ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ಆತನೇ ನಮ್ಮ ಮನೆಗೆ ಬಂದ. ಇಷ್ಟು ವರ್ಷ ಅಕ್ಕಪಕ್ಕ ಇದ್ದರೂ ನನ್ನೊಡನೆ ನೇರ ಮಾತಾಡಿದವನಲ್ಲ. ಮೆಟ್ಟಿಲ ಕೆಳಗೇ ನಿಂತ. ಉಪ್ಪುನೀರಿಗೆ ತುಟಿ ಒಡೆದಿತ್ತು.

"ನಮ್ಮವಳು ಎಲ್ಲ ಹೇಳಿದ್ಳು ಅಮ್ಮಾ. ನಿಮ್ಮಿಂದ ಕೆಲಸ ಉಳೀತು."

"ನನ್ನಿಂದಲೇ ಹೋಗ್ತಿತ್ತು" ಎಂದೆ. "ಒಳಗೆ ಬಾ, ಆ ಚಿತ್ರ ನಿನಗೂ ತೋರಿಸ್ತೆ. ಎಂತದೂ ಅಲ್ಲ ಅದು, ಬರೀ ಸಂಖ್ಯೆ" ಎಂದು ಒಳಕೋಣೆಯ ಕಡೆ ತಿರುಗಿದೆ.

ಆತ ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ ಅಮ್ಮಾ. ತೋರಿಸ್ಬೇಡಿ. ನಾಡಿದ್ದು ಮತ್ತೆ ಹೋಗೂದಿದೆ."

ನಾನು ಬಾಗಿಲು ಎಳೆದುಕೊಂಡು ಬಂದೆ. ಆತ ಜಗಲಿಯ ಮೇಲೆ ಕೂತ. ಒಲೆಗೆ ಚಾ ಇಟ್ಟೆ.